ಎರಡು ಬೋಳು ತುಂಡು

ಬೆಳಗಾವಿ,
ಫೆಬ್ರವರಿ ಮೂವತ್ತು, ೨೨೦೪

ಶ್ರೀ ವಸಂತರಾವ ಮುತಗೇಕರ ಅವರಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ. ಪಂಚಾಂಗ ತಿದ್ದಿದ ಮೇಲೆ ನಮ್ಮ ಫೆಬ್ರವರಿಗೂ ಮೂವತ್ತು ದಿನ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಬಹುದು, ಅದಕ್ಕೆ ಕ್ಷಮೆ ಇರಲಿ. ಈ ಪತ್ರದಲ್ಲಿ ಕ್ಷಮೆಯ ಮಾತು ಬರುವುದು ಇದೊಂದೇ ಸಲ.

ನಾನು ನೀಲಾಂಬಿಕಾ ಕರಗುಪ್ಪಿ. ನಿಮ್ಮ ಕಾರ್ಖಾನೆಯಲ್ಲಿ ತಪಾಸಣೆ ಮಾಡುತ್ತಿದ್ದ ದಾಕ್ಷಾಯಣಿ ಕರಗುಪ್ಪಿಯ ಆರನೆಯ ತಲೆಮಾರಿನವಳು. ನಮ್ಮಲ್ಲಿ ಓಣಿಗೊಂದು ಪದರಂಗಡಿ ಇದೆ. ಲೋಹದ ಪುಡಿಯನ್ನು ಪದರ ಪದರವಾಗಿ ಕರಗಿಸಿ ಸೌಟು, ಬಾಗಿಲ ಕೀಲು, ಸೈಕಲ್ ಪೆಡಲು ಮಾಡಿಕೊಡುವ ಅಂಗಡಿಗೆ ಆ ಹೆಸರು. ನನ್ನದೂ ಒಂದಿದೆ. ಸೌಟಿನ ಪಕ್ಕದಲ್ಲೇ, ಅದೇ ತಟ್ಟೆಯ ಮೇಲೆ, ಅದೇ ಪುಡಿಯಿಂದ ಬೆರಳುದ್ದದ ಸಾಕ್ಷಿಕಡ್ಡಿಯೂ ಏಳುತ್ತದೆ. ಗಿರಾಕಿಯ ಎದುರೇ ಅದನ್ನು ಎಳೆದು ಮುರಿಯುತ್ತೇವೆ. ಬೇಗ ಮುರಿದರೆ ಸೌಟೂ ಗುಜರಿಗೆ. ಈ ಪದ್ಧತಿ ನಿಮ್ಮ ಕಾಲದಿಂದ ಬಂದದ್ದು, ನಿಮಗೆ ಚೆನ್ನಾಗಿ ಗೊತ್ತು. ನಿಮ್ಮ ಕಾಲದಿಂದ ಇನ್ನೊಂದು ಮಾತೂ ಬಂದಿದೆ. ಯಾರಾದರೂ ಸುಳ್ಳು ಭರವಸೆ ಕೊಟ್ಟರೆ ಜನ ಅದನ್ನು ‘ದಾಕ್ಷಾಯಣಿ ಸಹಿ’ ಎನ್ನುತ್ತಾರೆ. ನನ್ನ ಮದುವೆಯ ಮಾತುಕತೆಯಲ್ಲೂ ಒಬ್ಬರು ಹಾಗೆಂದು ನಕ್ಕರು. ನಮ್ಮ ಮನೆಯ ಯಾವ ಹೆಣ್ಣುಮಗುವಿಗೂ ಆ ಹೆಸರಿಟ್ಟಿಲ್ಲ.

ನಿಮ್ಮ ವರ್ಷಗಳಲ್ಲಿ ಪ್ರತಿ ಬಜೆಟ್ಟಿನಲ್ಲೂ ರಕ್ಷಣೆಯ ಪಾಲು ಏರುತ್ತಿತ್ತು. ಎರಕ ಹೊಯ್ದು ಐದು ತಿಂಗಳಿಗೆ ಬರುವ ಬಿಡಿಭಾಗ ನಿಮ್ಮ ಯಂತ್ರದಲ್ಲಿ ಐದು ದಿನಕ್ಕೆ ಬರುತ್ತಿದ್ದರಿಂದ ಆರ್ಡರುಗಳೆಲ್ಲ ನಿಮ್ಮ ಬಾಗಿಲಿಗೇ ಬಂದವು. ಗಡಿಯಲ್ಲಿ ಗುಂಡು ಹಾರಿದರೆ ನಿಮ್ಮ ಮನೆಯಲ್ಲಿ ಹೋಳಿಗೆ. ಒಂದಿದ್ದ ಯಂತ್ರ ಒಂಬತ್ತಾಯಿತು, ಹೊಸ ಪುಡಿ ಸಾಲದಾಯಿತು. ಉಳಿದ ಪುಡಿಯನ್ನೇ ಜರಡಿ ಹಿಡಿದು ಮತ್ತೆ ಮತ್ತೆ ಸುರಿದಿರಿ. ಹೆಲಿಕಾಪ್ಟರಿನ ಕೊಂಡಿ ಎದ್ದ ೪೧೭ನೆಯ ತಟ್ಟೆಯ ಕಡ್ಡಿ ದಾಕ್ಷಾಯಣಿಯ ಕೈಯಲ್ಲಿ ಕಡ್ಲೆಕಾಯಿಯಂತೆ ಮುರಿಯಿತು. ಈ ಕೊಂಡಿ ಬೇಡವೆಂದು ಅವಳು ವರದಿ ಬರೆದಳು.

“ಅಕ್ಕಾರ, ಕಡ್ಡಿ ಮುರದ್ರ ಇನ್ನೊಂದು ಕಡ್ಡಿ ಐತಿ. ಆರ್ಡರ್ ಮುರದ್ರ ಎಲ್ಲಿಂದ ತರ್ಲಿ?” ಎಂದಿರಿ.

“ಮ್ಯಾಲ ಹಾರಾವ್ರಿಗೆ ಇನ್ನೊಂದು ಜೀವ ಇಲ್ಲರೀ ಸಾಹೇಬ್ರ,” ಎಂದಳು ಅವಳು. ಅವಳ ದಿನಚರಿಯಲ್ಲಿ ಈ ಎರಡು ಮಾತೂ ಇವೆ.

ನೀವು ಅವಳ ವರದಿ ಹರಿದಿರಿ. ಬೇರೆ ತಟ್ಟೆಗೆ ಅವಳು ಹಾಕಿದ್ದ ಸಹಿಯನ್ನು ತಂದು ಸೇರಿಸಿದಿರಿ, ಒಳ್ಳೆಯ ಪುಡಿಯ ಎರಡು ತುಂಡುಗಳನ್ನು ವರದಿಯ ಲಕೋಟೆಗೆ ಹಾಕಿದಿರಿ. ಕೊಂಡಿ ಆಕಾಶದಲ್ಲಿ ತುಂಡಾಯಿತು, ಇಬ್ಬರು ಸತ್ತರು. ವಿಚಾರಣೆಯಲ್ಲಿ ತಪ್ಪು ತಪಾಸಣೆಯದು, ಸಹಿ ಅವಳದು ಎಂದು ಬೆರಳು ತೋರಿಸಿದಿರಿ. ಸಾಲದೆಂಬಂತೆ ಆ ಎರಡು ತುಂಡುಗಳನ್ನು ವಿಚಾರಣೆಯವರಿಂದ ಬಿಡಿಸಿ ತಂದು, ನಮ್ಮ ಪುಡಿ ಶುದ್ಧ ಎಂದು ಬರೆದು, ಗಾಜಿನ ಪೆಟ್ಟಿಗೆಯಲ್ಲಿ ಮೆರೆಸಿದಿರಿ.

ಆ ಪೆಟ್ಟಿಗೆ ಈಗ ನಮ್ಮೂರಿನ ವಸ್ತುಸಂಗ್ರಹಾಲಯದಲ್ಲಿದೆ. ನೂರಾರು ಸಲ ನೋಡಿದ್ದೆ. ಮೋಸ ಕಂಡದ್ದು ಹೋದ ವಾರ. ಸಾಕ್ಷಿಕಡ್ಡಿಯ ಒಂದು ತುದಿಯಲ್ಲಿ ತಟ್ಟೆಯ ಅಂಕಿ ಏಳುತ್ತದೆ, ಇನ್ನೊಂದು ತುದಿ ಬೋಳು. ಅಂಕಿ ಗುಟ್ಟು ಬಿಟ್ಟುಕೊಟ್ಟೀತೆಂದು ನೀವು ಎರಡು ಕಡ್ಡಿಗಳ ಬೋಳು ತುಂಡುಗಳನ್ನೇ ಆರಿಸಿ, ಸೂಜಿಯಿಂದ ೪೧೭ ಎಂದು ಗೀಚಿದ್ದೀರಿ. ಒಂದೇ ಕಡ್ಡಿಗೆ ಎರಡು ಬೋಳು ತುದಿ ಇರುವುದಿಲ್ಲ, ಮುತಗೇಕರರೇ. ಜೋಡಿಸಿ ನೋಡಿದರೆ ಹೊಂದುವುದೂ ಇಲ್ಲ.

ಹಿಂದಿನ ಕಾಲಕ್ಕೆ ಕಾಗದ ಒಯ್ಯುವ ಹಿನ್ನಂಚೆಯಲ್ಲಿ ಮನೆತನಕ್ಕೆ ಒಂದೇ ಪತ್ರ. ಸತ್ತವರನ್ನು ಬದುಕಿಸುವ ಪತ್ರವನ್ನು ಅಂಚೆಯವರು ಮುಟ್ಟುವುದಿಲ್ಲ, ನಾನು ಬೇಡಿ ನೋಡಿದೆ. ಹೀಗಾಗಿ ಪತ್ರ ತಲುಪಲು ನಿಮ್ಮ ಸನ್ಮಾನದ ದಿನವನ್ನು ಆರಿಸಿಕೊಂಡೆ. ಇದಾದ ಎಂಟನೆಯ ದಿನ ದಾಕ್ಷಾಯಣಿ ಜೈಲಿಗೆ ಹೋದಳೆಂದು ನಮ್ಮ ಇತಿಹಾಸದಲ್ಲಿದೆ. ಇನ್ನು ಇರುವುದಿಲ್ಲ. ಅವಳ ಬದುಕು ಬೇರೆಯಾದರೆ ನಾನು ಹುಟ್ಟದೆಯೂ ಹೋಗಬಹುದು. ಅಡ್ಡಿಯಿಲ್ಲ. ಉಪ್ಪು ತಿಂದವರು ನೀರು ಕುಡಿಯಲಿ, ನನಗೆ ಅಷ್ಟು ಸಾಕು.

ಪತ್ರ ಒಂದೇ, ಪ್ರತಿಗಳಿಗೆ ಮಿತಿಯಿಲ್ಲ. ಸಭಾಂಗಣದ ಪ್ರತಿ ಕುರ್ಚಿಯ ಮೇಲೂ ಒಂದಿದೆ. ಮುಖ್ಯ ಅತಿಥಿಗಳ ಕುರ್ಚಿಯ ಮೇಲೆ, ಸತ್ತವರ ಹೆಂಡಂದಿರ ಕುರ್ಚಿಗಳ ಮೇಲೆ, ಎಲ್ಲರ ಕುರ್ಚಿಗಳ ಮೇಲೂ. ಪೆಟ್ಟಿಗೆ ವೇದಿಕೆಯ ಮೇಲೇ ಇದೆ, ನೀವೇ ಇರಿಸಿದ್ದು. ಯಾರೋ ಎದ್ದು ಅತ್ತ ನಡೆಯುವ ಸಪ್ಪಳ ಕೇಳಿಸಿದರೆ ಕುಳಿತೇ ಇರಿ. ನಿಮ್ಮ ಸನ್ಮಾನ ಇನ್ನೂ ಮುಗಿದಿಲ್ಲ.

ನೀಲಾಂಬಿಕಾ ದಾಕ್ಷಾಯಣಿ ಕರಗುಪ್ಪಿ