ಬೀಸಣಿಗೆಯ ಹಗ್ಗ

ನ್ಯಾಚೆಜ್, ಮಿಸಿಸಿಪಿ
ಆಗಸ್ಟ್ ೧೯೭೮

ಅಕ್ಕಾ,

ಮೂವರೂ ಸುಖವಾಗಿ ತಲುಪಿದೆವು. ಈ ಕಾರ್ಡಿನ ಆ ಬದಿಯ ಚಿತ್ರದಲ್ಲಿರುವ ಬಿಳಿ ಕಂಬಗಳ ಮನೆಯನ್ನೇ ಇವತ್ತು ನೋಡಿದ್ದು. ಓಝೆಲ್ಲಾ ಅತ್ತೆಯ ಅಜ್ಜಿ ಗುಲಾಮಳಾಗಿ ಹುಟ್ಟಿದ್ದು ಇಲ್ಲೇ. ಊಟದ ಮೇಜಿನ ಮೇಲೆ ಬಾಗಿಲಿನಷ್ಟು ದೊಡ್ಡ ಮರದ ಬೀಸಣಿಗೆ ತೂಗುಹಾಕಿದ್ದಾರೆ, ಮೂಲೆಯಲ್ಲಿ ನಿಂತು ಹಗ್ಗ ಎಳೆದರೆ ಆಡುತ್ತದೆ. ಧಣಿಗಳ ಊಟ ಮುಗಿಯುವವರೆಗೂ ಅದನ್ನು ಎಳೆಯುವುದು ಎಂಟು ವರ್ಷದ ಆ ಅಜ್ಜಿಯ ಕೆಲಸವಾಗಿತ್ತಂತೆ. ಬಸ್ಸಿನಲ್ಲಿ ಅತ್ತೆ ಹೇಳಿದರು; ಆಗ ನಿನ್ನ ಮಗಳು ಟಮೀಕಾ ನಿದ್ದೆಯಲ್ಲಿದ್ದಳು.

ಮನೆ ತೋರಿಸುವ ಹೆಂಗಸು, "ಯಾವ ಪುಟಾಣಿ ಎಳೆಯುತ್ತೆ?" ಅಂದಳು. ಟಮೀಕಾ ಓಡಿಹೋಗಿ ಹಗ್ಗ ಹಿಡಿದಳು. ಬಂದವರೆಲ್ಲ ಚಪ್ಪಾಳೆ ತಟ್ಟಿದರು. ಸ್ವಲ್ಪ ಹೊತ್ತಿಗೆ, "ಕೈ ನೋಯ್ತಿದೆ, ಬಿಡ್ಲಾ?" ಅಂದಳು.

"ನಿಂಗೆ ಬೇಕಾದಾಗ ಬಿಡು, ಬಂಗಾರ," ಅಂದಳು ಆ ಹೆಂಗಸು.

ಅತ್ತೆ ಕೋಲನ್ನು ನೆಲಕ್ಕೆ ಕುಟ್ಟಿ, "ನಮ್ಮ ಮಕ್ಕಳಿಗೆ ಆ ಮಾತು ಹೇಳೋಕೆ ಇಷ್ಟು ವರ್ಷ ಬೇಕಾಯ್ತೇನಮ್ಮ ಈ ಮನೆಗೆ?" ಅಂದರು.

ಟಮೀಕಾಳ ಅಂಗೈ ಕೆಂಪಾಗಿದೆ, ವ್ಯಾಸಲೀನ್ ಹಚ್ಚಿದ್ದೇನೆ. ಅತ್ತೆಯ ಮಂಡಿ ಊದಿದೆ. ಊಟ ಬೇಡ ಅಂತ ಬಸ್ಸಿನಲ್ಲೇ ಕೂತಿದ್ದಾರೆ, ನನ್ನ ಜೊತೆ ಮಾತಿಲ್ಲ. ಗೊತ್ತಿದ್ದೂ ನಾನು ಮಗುವನ್ನು ತಡೆಯಲಿಲ್ಲ ಅನ್ನೋದು ಅವರ ಸಿಟ್ಟು.

ಬಸ್ಸು ಹಾರ್ನ್ ಹೊಡೀತಿದೆ, ಒಂದು ಮಾತು ಹೇಳಿಬಿಡ್ತೀನಿ. ಇಲ್ಲಿ ಬೆಂಕಿಯಂಥ ಸೆಕೆ ಅಕ್ಕಾ. ಅವಳು ಎಳೆದಾಗ ತಣ್ಣನೆ ಗಾಳಿ ಸೀದಾ ನನ್ನ ಮುಖಕ್ಕೇ ಬಂತು. ಇನ್ನೂ ಸ್ವಲ್ಪ ಹೊತ್ತು ಎಳೀಲಿ ಅನ್ನಿಸಿತು.

ನಿನ್ನ ತಮ್ಮ,
ಕ್ಲೀವನ್