ನಲವತ್ತೊಂದನೇ ಸಾಲನ್ನು ಮೇಲಕ್ಕೆ ಹಾಕಿ

ಹಿರಿಯ ನಾಗರಿಕರ ಇಲಾಖೆಯ ಜಾಲತಾಣಕ್ಕೆ ಹೊಣೆ ಹೊತ್ತಿರುವ ಮಾನ್ಯ ಅಧಿಕಾರಿಗಳೇ,

ನಿಮ್ಮ ಹೊಸ ಜಾಲತಾಣ ಸುಳ್ಳು ಹೇಳುತ್ತಿದೆ. ಆ ಸುಳ್ಳಿನ ದೆಸೆಯಿಂದ ಕಳೆದ ತಿಂಗಳು ನನ್ನ ಅಪ್ಪ ಸಾಯುವುದರಲ್ಲಿದ್ದರು. ನಿಮ್ಮ ಯೋಗಕ್ಷೇಮ ವಿಚಾರಿಸುವಷ್ಟು ತಾಳ್ಮೆ ನನ್ನಲ್ಲಿ ಉಳಿದಿಲ್ಲ, ಆದ್ದರಿಂದ ನೇರ ವಿಷಯಕ್ಕೆ ಬರುತ್ತೇನೆ.

ನಾಲ್ಕು ವರ್ಷದ ಹಿಂದೆ ನಿಮ್ಮ ಇಲಾಖೆ, ನೆನಪು ಕಳೆದುಕೊಳ್ಳುತ್ತಿರುವ ಹಿರಿಯರಿಗೆಂದು ಉಕ್ಕಿನ ಒಂದು ಬಿಲ್ಲೆ ಕೊಟ್ಟಿತು. ಅದರ ಮೇಲೆ ಒಂದು ಸಂಖ್ಯೆ, ಒಂದು ಜಾಲತಾಣದ ವಿಳಾಸ, ಮೊಬೈಲ್ ಕ್ಯಾಮೆರಾ ಹಿಡಿದರೆ ಓದಿಕೊಳ್ಳುವ ಒಂದು ಚೌಕ. ದಾರಿ ತಪ್ಪಿದ ಹಿರಿಯರು ಯಾರಿಗಾದರೂ ಸಿಕ್ಕರೆ ಕ್ಯಾಮೆರಾ ಹಿಡಿದರಾಯಿತು, ಮನೆಯ ಫೋನ್ ನಂಬರು, ಕಾಯಿಲೆ, ಏನು ಕೊಡಬಾರದು ಎಂಬುದೆಲ್ಲ ಪರದೆಯ ಮೇಲೆ ಬರುತ್ತಿತ್ತು. ಹನ್ನೆರಡು ಸಾವಿರ ಜನರ ಕೊರಳಲ್ಲಿ ಈ ಬಿಲ್ಲೆ ಇದೆ. ನಿಜಕ್ಕೂ ಒಳ್ಳೆಯ ಕೆಲಸ. ಅಪ್ಪನ ಬಿಲ್ಲೆಯ ಸಂಖ್ಯೆ 4417. ಅದನ್ನು ಕಟ್ಟಿದ ದಿನ ಅಮ್ಮ ಎಷ್ಟೋ ತಿಂಗಳ ನಂತರ ಮಧ್ಯಾಹ್ನ ಕಣ್ಣು ಮುಚ್ಚಿ ಮಲಗಿದ್ದಳು.

ಅಪ್ಪ ಮೂವತ್ತೊಂದು ವರ್ಷ ವಿದ್ಯುತ್ ಇಲಾಖೆಯಲ್ಲಿ ಮೀಟರ್ ರೀಡರ್ ಆಗಿದ್ದವರು. ಈಗ ಅವರಿಗೆ ನನ್ನ ಹೆಸರು ಕೆಲವು ದಿನ ನೆನಪಿರುತ್ತದೆ, ಕೆಲವು ದಿನ ಇರುವುದಿಲ್ಲ. ಆದರೆ ತಾನು ಮೀಟರ್ ನೋಡಬೇಕಾದವನು ಎಂಬುದು ಮಾತ್ರ ಮರೆತಿಲ್ಲ. ಬೆಳಗಾದರೆ ಅಂಗಿ ಹಾಕಿಕೊಂಡು, ಜೇಬಿಗೆ ಪೆನ್ನು ಸಿಕ್ಕಿಸಿ, ಬಾಗಿಲ ಚಿಲಕದ ಮೇಲೆ ಕೈ ಇಟ್ಟು ನಿಲ್ಲುತ್ತಾರೆ. ಕಳೆದ ತಿಂಗಳು ಒಂದು ದಿನ, ಅಮ್ಮ ಬಟ್ಟೆ ಒಣಹಾಕಲು ಮಹಡಿಗೆ ಹೋಗಿದ್ದ ಹತ್ತು ನಿಮಿಷದಲ್ಲಿ, ಹೊರಟೇ ಹೋದರು.

ಆಗ ಬೆಳಿಗ್ಗೆ ಹತ್ತು ಗಂಟೆ. ಹನ್ನೊಂದಕ್ಕೆ ನಾವು ಪೊಲೀಸ್ ಠಾಣೆಯಲ್ಲಿ ಅಪ್ಪನ ಫೋಟೊ ಕೊಟ್ಟಾಗಿತ್ತು. ಅಮ್ಮ ನಿಮಿಷಕ್ಕೊಮ್ಮೆ ಫೋನ್ ಎತ್ತಿ ನೋಡುತ್ತಿದ್ದಳು. "ಬಿಲ್ಲೆ ಇದೆ ಕಣೇ, ಯಾರಾದ್ರೂ ಫೋನ್ ಮಾಡೇ ಮಾಡ್ತಾರೆ" ಎಂದು ನನಗೆ ಧೈರ್ಯ ಹೇಳುತ್ತಿದ್ದಳು. ಸಂಜೆ ಆರರವರೆಗೆ ಫೋನ್ ಬರಲಿಲ್ಲ.

ಯಾಕೆ ಬರಲಿಲ್ಲ ಗೊತ್ತೇ? ಊರಿನ ಆ ತುದಿಯಲ್ಲಿ ಬಟ್ಟೆ ಹೊಲಿಯುವ ಒಬ್ಬ ಹೆಂಗಸಿದ್ದಾರೆ. ನಾವೀಗ ಅವರನ್ನು ಟೈಲರಮ್ಮ ಎನ್ನುತ್ತೇವೆ. ಹನ್ನೆರಡರ ಹೊತ್ತಿಗೆ ಅಪ್ಪ ಅವರ ಅಂಗಡಿಗೆ ನುಗ್ಗಿ, ಬಾಗಿಲ ಹಿಂದಿನ ಮೀಟರ್ ಮುಂದೆ ಕುಕ್ಕರಗಾಲಲ್ಲಿ ಕೂತು, ಅಂಕಿಗಳನ್ನು ಗಟ್ಟಿಯಾಗಿ ಓದಿದ್ದಾರೆ. ಮುಗಿದ ಮೇಲೆ ಮತ್ತೆ ಮೊದಲಿನಿಂದ ಓದಿದ್ದಾರೆ. ಟೈಲರಮ್ಮನಿಗೆ ವಿಷಯ ಅರ್ಥವಾಯಿತು. ಸ್ಟೂಲು ಹಾಕಿ ಕೂರಿಸಿ, ಬಿಲ್ಲೆಗೆ ಮೊಬೈಲ್ ಹಿಡಿದರು. ನಿಮ್ಮ ಯೋಜನೆ ಹೇಗೆ ನಡೆಯಬೇಕೋ ಅಕ್ಷರಶಃ ಹಾಗೆಯೇ ನಡೆಯಿತು. ಪರದೆಯ ಮೇಲೆ ಮಾತ್ರ ಅಪ್ಪನ ಪುಟ ಬರಲಿಲ್ಲ. "ನಮ್ಮ ನೂತನ ಜಾಲತಾಣಕ್ಕೆ ಸ್ವಾಗತ" ಎಂದು ಬಂತು, ಕೆಳಗೆ ರಿಬ್ಬನ್ ಕತ್ತರಿಸುತ್ತಿರುವ ತಮ್ಮ ಫೋಟೊ.

ಮರುದಿನ ಆಸ್ಪತ್ರೆಯ ಮೊಗಸಾಲೆಯಲ್ಲಿ ಟೈಲರಮ್ಮ ನನ್ನ ಕೈ ಹಿಡಿದುಕೊಂಡು ಹೇಳಿದ ಮಾತನ್ನು ಹಾಗೇ ಬರೆಯುತ್ತೇನೆ. "ಪುಟ ಸಿಗಲಿಲ್ಲ ಅಂತ ಬಂದಿದ್ರೆ ಆಗ್ಲೇ ಪೊಲೀಸ್ರಿಗೆ ಫೋನ್ ಮಾಡ್ತಿದ್ನಮ್ಮ. ಸ್ವಾಗತ ಅಂತ ಬಂತಲ್ಲ, ಸರಿಯಾದ ಜಾಗಕ್ಕೇ ಬಂದಿದೀನಿ ಅಂದ್ಕೊಂಡೆ. ಅಲ್ಲೊಂದು ಫಾರಂ ಇತ್ತು, ತುಂಬ್ದೆ. ನಿಮ್ಮ ಸಂದೇಶ ತಲುಪಿದೆ ಅಂತ ಬಂತು. ಇನ್ನೇನು ಬರ್ತಾರೆ, ಇನ್ನೇನು ಬರ್ತಾರೆ ಅಂತ ಕಾಯ್ತಾ ಕೂತೆ. ಪಾಪ ಸುಸ್ತಾಗಿದಾರೆ ಅಂತ ಮೂರು ಲೋಟ ಟೀ ಕೊಟ್ಟೆ, ಸಕ್ಕರೆ ಜಾಸ್ತಿ ಹಾಕಿ. ನನಗೇನು ಗೊತ್ತಿತ್ತಮ್ಮ?"

ಅವರಿಗೆ ಗೊತ್ತಾಗಬೇಕಿದ್ದ ಜಾಗದಲ್ಲಿ ನೀವು ರಿಬ್ಬನ್ ಕತ್ತರಿಸುತ್ತಿದ್ದಿರಿ, ಸ್ವಾಮಿ. "ಸಕ್ಕರೆ ಕಾಯಿಲೆ, ಮಧ್ಯಾಹ್ನ ಇನ್ಸುಲಿನ್ ತಪ್ಪಿಸಬಾರದು, ಸಿಹಿ ಕೊಡಬಾರದು" ಎಂದು ಆ ಪುಟದಲ್ಲಿ ನಾನೇ ಕೈಯಾರೆ ತುಂಬಿದ್ದೆ. ಅಪ್ಪ ಆಸ್ಪತ್ರೆ ಸೇರುವಾಗ ಅವರಿಗೆ ಎಚ್ಚರವಿರಲಿಲ್ಲ. ಒಳ್ಳೆಯದು ಮಾಡಲು ಹೋದ ಆ ಹೆಂಗಸು ಈಗಲೂ ನನ್ನ ಮುಖ ನೋಡಿದರೆ ಕಣ್ಣು ಒರೆಸಿಕೊಳ್ಳುತ್ತಾರೆ. ನೀವು ಒರೆಸಿಕೊಂಡಿದ್ದೀರಾ?

ಕೊನೆಗೆ ಅಪ್ಪ ನಮಗೆ ಸಿಕ್ಕಿದ್ದು ಹೇಗೆ ಎಂಬುದನ್ನೂ ಕೇಳಿ. ಐದೂವರೆಗೆ ಅಪ್ಪ ಸ್ಟೂಲಿನ ಮೇಲೆಯೇ ಒರಗತೊಡಗಿದಾಗ ಟೈಲರಮ್ಮ ಗಾಬರಿಯಾಗಿ ಅಂಗಿಯ ಗುಂಡಿ ಬಿಚ್ಚಿದರು. ಕಾಲರಿನ ಒಳಗೆ, ಅಂಗಿ ಹೊಲಿದ ಅಂಗಡಿಯ ಬಟ್ಟೆಚೀಟಿ ಕಂಡಿತು. ಅದರಲ್ಲೊಂದು ಫೋನ್ ನಂಬರು. ಮಾಡಿದರೆ, ಎತ್ತಿದವನು ಆ ಅಂಗಡಿಗೆ ಆಮೇಲೆ ಬಂದ ಕ್ಷೌರದವನು. "ಟೈಲರ್ ಇಲ್ಲಿಂದ ಹೋಗಿ ಮೂರು ವರ್ಷ ಆಯ್ತು. ಫೋನ್ ಇಡ್ಬೇಡಿ, ಅವರ ಹೊಸ ನಂಬರ್ ಇಲ್ಲೇ ಗೋಡೆ ಮೇಲೆ ಬರ್ಕೊಂಡಿದೀನಿ, ಹೇಳ್ತೀನಿ ತಗೊಳ್ಳಿ" ಎಂದನಂತೆ. ಹೊಸ ನಂಬರಿಗೆ ಮಾಡಿದರೆ, ಮೀಟರ್ ಓದುತ್ತಾರೆ ಎಂದೊಡನೆ ಆ ಟೈಲರಿಗೆ ಅಪ್ಪ ಯಾರೆಂದು ಹೊಳೆಯಿತು, ನಮ್ಮ ಮನೆಯ ನಂಬರೂ ಅವರ ಬಳಿ ಇತ್ತು. ಆರು ಗಂಟೆಗೆ ನಮ್ಮ ಫೋನ್ ಬಡಿದುಕೊಂಡಿತು.

ಮಾನ್ಯರೇ, ಹದಿನಾಲ್ಕು ವರ್ಷದಿಂದ ಸರ್ವರ್‌ಗಳನ್ನು ನೋಡಿಕೊಳ್ಳುವುದೇ ನನ್ನ ಕಸುಬು. ಅದರ ಮೇಲೆ ಹೇಳುತ್ತೇನೆ: ಆ ಕ್ಷೌರದವನು ಮಾಡಿದ್ದೇ ಮರುನಿರ್ದೇಶನ. ಹಳೆಯ ವಿಳಾಸಕ್ಕೆ ಬಂದವರನ್ನು ಅವರು ಹುಡುಕಿಕೊಂಡು ಬಂದ ವಸ್ತುವಿನ ಹೊಸ ವಿಳಾಸಕ್ಕೇ ಕಳಿಸುವುದು. ಬಂದವರನ್ನೆಲ್ಲ ಹಿಡಿದು ತನ್ನ ಕುರ್ಚಿಯಲ್ಲಿ ಕೂರಿಸಿ ಕ್ಷೌರ ಮಾಡಿ ಕಳಿಸುವುದಲ್ಲ. ನಿಮ್ಮ ಸರ್ವರ್ ಮಾಡುತ್ತಿರುವುದು ಎರಡನೆಯದನ್ನು.

ಈ ಬಹಿರಂಗ ಪತ್ರದ ಓದುಗರಿಗೂ ತಿಳಿಯಲಿ ಎಂದು ಬಿಡಿಸಿ ಹೇಳುತ್ತೇನೆ. ಕೇಳಿದ ಪ್ರತಿ ಪುಟಕ್ಕೂ ಸರ್ವರ್ ಮೂರಂಕಿಯ ಒಂದು ಉತ್ತರ ಕೊಡುತ್ತದೆ. 200 ಎಂದರೆ ಕೇಳಿದ್ದು ಸಿಕ್ಕಿತು. 301 ಎಂದರೆ ಖಾಯಂ ಆಗಿ ಬೇರೆ ಕಡೆ ಹೋಗಿದೆ, ಅಲ್ಲಿಗೆ ಹೋಗಿ. 404 ಎಂದರೆ ಸಿಗಲಿಲ್ಲ. ಯಾವ ವಿಳಾಸವನ್ನು ಎಲ್ಲಿಗೆ ತಿರುಗಿಸಬೇಕು ಎಂಬ ನಿಯಮಗಳು ಒಂದು ಕಡತದಲ್ಲಿ ಸಾಲಾಗಿರುತ್ತವೆ. ಸರ್ವರ್ ಮೇಲಿನಿಂದ ಓದುತ್ತಾ ಬರುತ್ತದೆ. ಹೊಂದುವ ಸಾಲು ಸಿಕ್ಕಿ, ಅಲ್ಲಿ "ಇಲ್ಲಿಗೆ ನಿಲ್ಲು" ಎಂದಿದ್ದರೆ ಕೆಳಗಿನದನ್ನು ನೋಡುವುದೇ ಇಲ್ಲ. ನಿಮ್ಮ ಕಡತದ ಮೊದಲ ಸಾಲು ಹೇಳುವುದಿಷ್ಟು: ಹಳೆಯ ಜಾಲತಾಣದ ಯಾವ ವಿಳಾಸವೇ ಬರಲಿ, ಮುಖಪುಟಕ್ಕೆ ತಳ್ಳು, ಇಲ್ಲಿಗೆ ನಿಲ್ಲು. ಬಿಲ್ಲೆಯ ವಿಳಾಸಗಳನ್ನು ಸರಿಯಾದ ಪುಟಕ್ಕೆ ಒಯ್ಯುವ ಸಾಲೂ ಇದೆ, ಯಾರೋ ಪುಣ್ಯಾತ್ಮರು ತಪ್ಪಿಲ್ಲದೆ ಬರೆದಿದ್ದಾರೆ. ಅದು ಇರುವುದು ನಲವತ್ತೊಂದನೇ ಸಾಲಿನಲ್ಲಿ. ಅಲ್ಲಿಯವರೆಗೆ ಯಾರೂ ಇಳಿದು ಬರುವುದೇ ಇಲ್ಲ. ಅಪ್ಪನ ಪುಟ ನಿಮ್ಮ ಸರ್ವರಿನಲ್ಲಿ ಇಂದಿಗೂ ಭದ್ರವಾಗಿದೆ, ಹೊಸ ವಿಳಾಸ ಗೊತ್ತಿದ್ದವರಿಗೆ ತೆರೆಯುತ್ತದೆ. ಬಿಲ್ಲೆಯ ಉಕ್ಕಿನ ಮೇಲೆ ಕೆತ್ತಿರುವುದು ಹಳೆಯ ವಿಳಾಸ. ಅದನ್ನು ನಾನು ಉಗುರಿನಿಂದ ಕೆರೆದು ತಿದ್ದಲೇ?

ಸಾಲಿನ ಸಂಖ್ಯೆ ನನಗೆ ಹೇಗೆ ಗೊತ್ತಾಯಿತೆಂದು ತನಿಖೆಗೆ ಆದೇಶಿಸುವ ಮುನ್ನ ಕೇಳಿ. ನಾನು ದೂರು ಕೊಟ್ಟಾಗ ನಿಮ್ಮಿಂದ ಬಂದ ಉತ್ತರ: "ಪರಿಶೀಲಿಸಲಾಗಿದೆ. ಸದರಿ ದಿನದಂದು ಎಲ್ಲ ಭೇಟಿಗಳೂ ಯಶಸ್ವಿ. ದೋಷಗಳ ಸಂಖ್ಯೆ ಸೊನ್ನೆ. ದೂರನ್ನು ಮುಕ್ತಾಯಗೊಳಿಸಲಾಗಿದೆ." ನಾನು ಖುದ್ದಾಗಿ ನಿಮ್ಮ ಕಚೇರಿಗೆ ಬಂದೆ. ಮೂರನೇ ಮಹಡಿಯಲ್ಲಿ ನಿಮ್ಮ ಐವರು ತಂತ್ರಜ್ಞರಿದ್ದಾರೆ. ಅವರಲ್ಲೊಬ್ಬರು ನೀರಿನ ಡ್ರಮ್ಮಿನ ಪಕ್ಕಕ್ಕೆ ಕರೆದು ಹೇಳಿದರು.

"ನಮಗೆಲ್ಲ ಗೊತ್ತು ಮೇಡಂ. ಬಿಲ್ಲೆಯ ಸಾಲು ನಲವತ್ತೊಂದರಲ್ಲಿದೆ. ಮೊದಲನೇ ಸಾಲು ಕೊನೆಗೆ ಇರಬೇಕಿತ್ತು."

"ಮತ್ತೆ ಇಳಿಸ್ರೀ! ಒಂದು ನಿಮಿಷದ ಕೆಲಸ ಅಲ್ವಾ?"

"ಅದನ್ನ ಕೆಳಗಿಳಿಸಿದ್ರೆ, ಮಧ್ಯದ ಸಾಲುಗಳು ಇನ್ನೂ ಮಾಡದೇ ಇರೋ ಹೊಸ ಪುಟಗಳಿಗೆ ಕಳಿಸ್ತಾವೆ, 404 ಬರುತ್ತೆ. ರಿಪೋರ್ಟಲ್ಲಿ ಕೆಂಪು ಕಾಣುತ್ತೆ. ಸಾಹೇಬ್ರು ಒಂದೂ ಕೆಂಪು ಇರಬಾರದು ಅಂದಿದಾರೆ."

ಹೇಳಿದವರು ಯಾರೆಂದು ಹುಡುಕಬೇಡಿ, ಐವರಿಗೂ ಗೊತ್ತಿರುವ ವಿಷಯ. ಗೊತ್ತಿಲ್ಲದವರಂತೆ ಇರುವವರು ನೀವೊಬ್ಬರೇ. ಕೆಂಪು ಕಾಣಬಾರದೆಂದು ಕಣ್ಣಿಗೆ ಮಣ್ಣೆರಚಿದ್ದೀರಿ, ಅದಕ್ಕೆ ಶೇಕಡಾ ನೂರು ಸಾಧನೆ ಎಂದು ಹೆಸರಿಟ್ಟು ಬೆನ್ನು ತಟ್ಟಿಸಿಕೊಂಡಿದ್ದೀರಿ. ಟೈಲರಮ್ಮನ ಐದೂವರೆ ತಾಸಿನ ಕಾಯುವಿಕೆ ನಿಮ್ಮ ವರದಿಯಲ್ಲಿ ಒಂದು ಯಶಸ್ವಿ ಭೇಟಿ!

ನಮ್ಮಪ್ಪನಿಗೂ ಇಂಥ ಒಬ್ಬ ಮೇಲಧಿಕಾರಿ ಇದ್ದ. ಮನೆಗೆ ಬೀಗ ಹಾಕಿದ್ದರೆ ಅಪ್ಪ ರೀಡಿಂಗ್ ಕಾಲಮ್ಮಿನಲ್ಲಿ "ಬೀಗ" ಎಂದು ಬರೆಯುತ್ತಿದ್ದರು. ಉಳಿದವರು ಹೋದ ತಿಂಗಳ ಅಂಕಿಗೆ ಅಂದಾಜು ಸೇರಿಸಿ ಬರೆದು ಕೈ ತೊಳೆದುಕೊಳ್ಳುತ್ತಿದ್ದರು. ಎಲ್ಲರ ವಾರ್ಡು ಪೂರ್ತಿ, ನಿನ್ನದೊಂದೇ ಅರೆಬರೆ ಯಾಕೆ ಎಂದು ಮೇಲಧಿಕಾರಿ ಎಲ್ಲರೆದುರು ಬೈದಾಗ ಅಪ್ಪ ಅಂದದ್ದು ಇಷ್ಟೇ: "ನೋಡದೇ ಇರೋ ಮೀಟರ್ನ ನೋಡ್ದೆ ಅಂತ ಬರೆಯೋಕೆ ನನ್ನ ಕೈ ಬರಲ್ಲ ಸಾರ್." ಬಡ್ತಿ ಆರು ವರ್ಷ ತಡವಾಯಿತು. ಅಪ್ಪ ಬರೆಯುವುದನ್ನು ಬದಲಿಸಲಿಲ್ಲ.

ಆ ಮನುಷ್ಯನ ಮಗಳು ನಾನು. ಹೆದರಿಸುವುದಿದ್ದರೆ ಬೇರೆಯವರನ್ನು ನೋಡಿಕೊಳ್ಳಿ. ಕಚೇರಿಯ ಒಳವಿಚಾರ ಬಯಲು ಮಾಡಿದ್ದಕ್ಕೆ ಕ್ರಮ ಕೈಗೊಳ್ಳುತ್ತೀರೋ? ಧಾರಾಳವಾಗಿ ಕೈಗೊಳ್ಳಿ. ಆ ನೆಪದಲ್ಲಾದರೂ ಆ ಕಡತವನ್ನು ಯಾರಾದರೂ ತೆರೆದು ನೋಡುತ್ತಾರೆ.

ನನ್ನ ಬೇಡಿಕೆ ಸಣ್ಣದು. ನಲವತ್ತೊಂದನೇ ಸಾಲನ್ನು ಮೊದಲನೆಯದರ ಮೇಲಕ್ಕೆ ಹಾಕಿ. ಮೊದಲ ಸಾಲನ್ನು ಅಳಿಸಿಬಿಟ್ಟರೆ ಇನ್ನೂ ಒಳ್ಳೆಯದು, ಇಲ್ಲದ ಪುಟಕ್ಕೆ ಇಲ್ಲ ಎಂದೇ ಉತ್ತರ ಹೋಗಲಿ, ಜೊತೆಗೆ ಒಂದು ಸಹಾಯವಾಣಿಯ ನಂಬರು ಇರಲಿ. ತಡ ಮಾಡಬೇಡಿ. ಮುಖಪುಟಕ್ಕೆ ತಳ್ಳುವಾಗ ನೀವು ಕೊಡುತ್ತಿರುವುದು 301, ಅಂದರೆ ಖಾಯಂ. ಆ ಮಾತನ್ನು ಒಮ್ಮೆ ಕೇಳಿಸಿಕೊಂಡ ಮೊಬೈಲ್ ಅದನ್ನು ನೆನಪಿಟ್ಟುಕೊಂಡು, ಮುಂದಿನ ಸಲ ಸರ್ವರನ್ನು ಕೇಳುವ ಗೋಜಿಗೇ ಹೋಗದಿರಬಹುದು. ಅಪ್ಪ ಮತ್ತೆ ಅದೇ ಟೈಲರಮ್ಮನ ಅಂಗಡಿ ಹೊಕ್ಕರೆ, ನೀವು ಸಾಲು ಸರಿಪಡಿಸಿದ ಮೇಲೂ ಅವರ ಮೊಬೈಲ್ ನಿಮ್ಮ ರಿಬ್ಬನ್ನನ್ನೇ ತೋರಿಸಬಹುದು.

ಈ ಪತ್ರವನ್ನು ಊಟದ ಮೇಜಿನ ಮೇಲೆ ಬರೆಯುತ್ತಿದ್ದೇನೆ. ಎದುರಿಗೆ ಕೂತ ಅಪ್ಪ ಆಗಲೇ ಎರಡು ಸಲ ಕೇಳಿದರು, ಏನಮ್ಮಾ ಅಷ್ಟು ಸಿಟ್ಟು ಎಂದು. ಅವರಿಗೆ ಅರ್ಥವಾಗುವ ಹಾಗೆ ಹೇಳಿದೆ. "ಬೀಗ ಹಾಕಿದ ಮನೆಗೆ ಯಾರೋ ಸುಳ್ಳು ರೀಡಿಂಗ್ ಬರೆದಿದಾರೆ ಅಪ್ಪ."

ಅಪ್ಪನ ಬೆನ್ನು ನೆಟ್ಟಗಾಯಿತು. ಎಷ್ಟೋ ದಿನದ ಮೇಲೆ ಕಣ್ಣಲ್ಲಿ ನನ್ನ ಹಳೆಯ ಅಪ್ಪ ಕಂಡರು. "ಯಾವ ವಾರ್ಡು? ನೀನು ತಲೆ ಕೆಡಿಸ್ಕೋಬೇಡ. ನಾಳೆ ಬೆಳಿಗ್ಗೆ ನಾನೇ ಹೋಗಿ ನೋಡ್ಕೊಂಡು ಬರ್ತೀನಿ" ಎಂದು ಎದ್ದು ಹೋಗಿ ಪೆನ್ನು ಹುಡುಕಿ ಜೇಬಿಗೆ ಸಿಕ್ಕಿಸಿಕೊಂಡರು.

ಹೇಳಿದ ಮೇಲೆ ಹೊರಡುವವರೇ ಅವರು. ಚಿಲಕಕ್ಕೆ ಬೀಗ ಹಾಕುತ್ತೇವೆ, ಅಮ್ಮ ಬಾಗಿಲಲ್ಲೇ ಕೂರುತ್ತಾಳೆ, ಆದರೂ ಹತ್ತು ನಿಮಿಷ ಯಾವಾಗಲಾದರೂ ಕಣ್ತಪ್ಪುತ್ತದೆ. ಅವರ ಕೊರಳಲ್ಲಿ ಇರುವುದು ನಿಮ್ಮದೇ ಬಿಲ್ಲೆ. ಬೆಳಗಾಗುವುದರೊಳಗೆ ಆ ಸಾಲನ್ನು ಮೇಲಕ್ಕೆ ಹಾಕಿ.

ಇಂತಿ,
ನಿಮ್ಮ ಲೆಕ್ಕದಲ್ಲಿ ಯಾವ ದೂರೂ ಇಲ್ಲದ,
ಬಿಲ್ಲೆ ಸಂಖ್ಯೆ 4417ರ ಮಗಳು