ಬಾವಿಕಟ್ಟೆಯ ಬಿಸಿಲು

ರಾಯದುರ್ಗ
19-1-2025

ಗೆಳೆಯ ಬೊಮ್ಮಣ್ಣನಿಗೆ ಪಂಚಾಕ್ಷರಯ್ಯನ ಶರಣು.

ಹನ್ನೊಂದು ವರ್ಷದ ಮೇಲೆ ಬರೆಯುತ್ತಿದ್ದೇನೆ. ತಡವಾಯಿತು ಅನ್ನುವುದಕ್ಕೂ ಮುಖವಿಲ್ಲ. ನಿವೃತ್ತಿಯಾದ ಮೇಲೂ ಮಡಕಶಿರಾದಿಂದ ಆಟೊ ಹತ್ತಿ ಗುಡಿಬಂಡೆ ಕಡೆಯ ದನಗಳಿಗೆ ಔಷಧಿ ಕೊಟ್ಟು ಬರುತ್ತೀಯಂತೆ. ಪಶು ಆಸ್ಪತ್ರೆಯ ಕಾಂಪೌಂಡರ್‌ಗೆ ಬಿಡುವೆಲ್ಲಿ!

ನಮ್ಮ ಮಗಳು ಅಂಜನಾ ಒಂದು ಇಗುವಾನಾ ಸಾಕಿದ್ದಾಳೆ. ಓತಿಕ್ಯಾತದ ಜಾತಿಯದೇ, ಆದರೆ ತೋಳುದ್ದ, ಹಸಿರು ಮೈ, ಪರದೇಶದ್ದು. ಅರಣ್ಯ ಇಲಾಖೆಯಲ್ಲಿ ನೋಂದಣಿ ಮಾಡಿಸಿದ್ದಾಳೆ. ಅದಕ್ಕೊಂದು ವೆಬ್‌ಸೈಟು ಬೇರೆ. ಫೋಟೊ, ವಿಡಿಯೊ, ಕೆಳಗೆ ನೋಡಿದವರು ಬರೆಯಲು ಜಾಗ.

ಹೊಗಳಿದವರೇ ಹೆಚ್ಚು. ನಡುವೆ ‘ಹಿತೈಷಿ’ ಎಂಬುವನೊಬ್ಬ, ‘ಪಾಲಕ್ ಬಿಡಿ, ನುಗ್ಗೆಸೊಪ್ಪು ಹಾಕಿ’ ಎಂದು ಬರೆದ. ಇವನ್ಯಾರು ಅಂದುಕೊಂಡೆ. ವಾರದ ಮೇಲೆ ಮತ್ತೆ ಬಂತು: ‘ಹಿಂಗಾಲು ನಡುಗುತ್ತಿದೆ. ಗಾಜಿನ ಗೂಡಿನೊಳಗಿನ ಬಿಸಿಲು ಸಾಲದು. ಹಿತ್ತಲ ಬಾವಿಕಟ್ಟೆಯ ಮೇಲೆ ಬೆಳಗಿನ ಬಿಸಿಲಿಗೆ ಇಡಿ.’

ಎಲ್ಲ ಫೋಟೊಗಳನ್ನೂ ಮತ್ತೆ ತಿರುವಿ ನೋಡಿದೆ. ಬಾವಿಕಟ್ಟೆ ಯಾವ ಫೋಟೊದಲ್ಲೂ ಇಲ್ಲ!

“ಮನೆ ನೋಡಿಟ್ಕೊಂಡವನ ಕೆಲಸ ಇದು,” ಅಂದೆ.

“ಯಾರೋ ಒಳ್ಳೇದಕ್ಕ ಹೇಳ್ಯಾರಪ್ಪಾ. ನೀವು ಎಲ್ಲಾದ್ರಾಗೂ ಕಳ್ಳನ್ನೇ ಹುಡುಕ್ತೀರಿ,” ಅಂದಳು ಅಂಜನಾ. ನಾನು ಕೇಳಲಿಲ್ಲ. ಗೂಡನ್ನು ಬಾವಿಯ ಹತ್ತಿರ ಒಯ್ಯಬಾರದೆಂದು ಹಟ ಹಿಡಿದೆ. ಹಿತ್ತಲ ಬಾಗಿಲಿಗೆ ಬೀಗ ಹಾಕಿದೆ. ಹೋದ ತಿಂಗಳು ಗೂಡಿಗೆ ದೀಪ ಹಾಕಿ ಹೋದ ಎಲೆಕ್ಟ್ರಿಷಿಯನ್ ಯರ್ರಿಸ್ವಾಮಿಯನ್ನು ನನ್ನ ಅಂಗಡಿಗೆ ಕರೆಸಿ, ಗಿರಾಕಿಗಳ ಎದುರಿಗೇ ಕೇಳಿದೆ: “ಯಾರಿಗೆ ಹೇಳಾಕ ನಮ್ಮ ಹಿತ್ತಲ ನೋಡಿಕೊಂಡು ಹೋದಿ?”

“ನನಗ ಓದು ಬರಹ ಬರಂಗಿಲ್ರಿ ಯಜಮಾನ್ರ,” ಅಂದ ಅವನು. “ಕೂಲಿಯವ ನಾನು. ನೀವು ಕಳ್ಳ ಅಂದ್ರ ಈ ಓಣ್ಯಾಗ ಯಾರು ಕರೀತಾರ ನನ್ನ?”

ನಾಲ್ಕೇ ದಿನ. ಇಗುವಾನಾ ಹಿಂಗಾಲು ಎಳೆಯತೊಡಗಿತು. ಅಂಜನಾ ಅಳುತ್ತ ಬೀಗ ಒಡೆದು, ಅದನ್ನು ಬಾವಿಕಟ್ಟೆಯ ಮೇಲೆ ಮಲಗಿಸಿದಳು. ಆಮೇಲೆ ಬಳ್ಳಾರಿಯ ಡಾಕ್ಟರ ಹತ್ತಿರ ಒಯ್ದೆವು. ಸುಣ್ಣದಂಶ ಕಡಿಮೆ, ಇನ್ನೊಂದು ವಾರವಾಗಿದ್ದರೆ ಎಲುಬು ಬಾಗುತ್ತಿತ್ತು, ಬಿಸಿಲು ಮತ್ತು ನುಗ್ಗೆಸೊಪ್ಪು ಬಿಡಬೇಡಿ ಅಂದರು. ಈಗ ಚೇತರಿಸಿಕೊಂಡಿದೆ.

ವಾಪಸು ಬರುವಾಗ ಬಸ್ಸಿನಲ್ಲಿ ಹೊಳೆಯಿತು. ನಮ್ಮ ಬಾವಿಕಟ್ಟೆಯ ಮೇಲೆ ಬೆಳಗಿನ ಬಿಸಿಲು ಬೀಳುವುದು ಯಾರಿಗೆ ಗೊತ್ತು? ಅಲ್ಲಿ ಕೂತು ನನ್ನ ಜೊತೆ ದಿನಾ ಚಹಾ ಕುಡಿದವನು ಒಬ್ಬನೇ. ಪ್ರಾಣಿಯ ನಡಿಗೆ ನೋಡಿಯೇ ರೋಗ ಹೇಳುವವನೂ ಅವನೇ. ಬೊಮ್ಮಣ್ಣ, ಹಿತೈಷಿ ನೀನೇ ಹೌದಲ್ಲವೆ?

ನಿಜ ಹೇಳಿಬಿಡುತ್ತೇನೆ. ನೀನೆಂದು ತಿಳಿದ ಕೂಡಲೇ ಮನಸ್ಸು, ಇವನಿಗೆ ಏನು ಬೇಕಾಗಿದೆ, ಹೆಸರು ಯಾಕೆ ಮುಚ್ಚಿಟ್ಟ ಎಂದೇ ಕೇಳಿತು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ನಿನ್ನೆ ಯರ್ರಿಸ್ವಾಮಿಯ ಮನೆಗೆ ಹೋಗಿ ತಪ್ಪಾಯಿತು ಅಂದೆ. “ಆತು ಬಿಡ್ರಿ,” ಅಂದ. ಕೂಡ್ರಿ ಅನ್ನಲಿಲ್ಲ.

ನಿನ್ನ ಮಗಳು ಲಕ್ಷ್ಮಿದೇವಿಗೂ ಮೊಮ್ಮಕ್ಕಳಿಗೂ ನನ್ನ ಆಶೀರ್ವಾದ. ಶಿವ ನಿನ್ನನ್ನು ಚೆನ್ನಾಗಿಟ್ಟಿರಲಿ.

ಇಂತಿ,
ಪಂಚಾಕ್ಷರಯ್ಯ

ತಾ.ಕ.: ನನ್ನ ಹೆಂಡತಿ ಪಂಪಮ್ಮನ ಬೆಂಡೋಲೆ ಕಳೆದಾಗ, ಆ ದಿನ ಮನೆಯೊಳಗೆ ಬಂದವನು ನೀನೊಬ್ಬನೇ ಎಂದು ನಾಲ್ಕು ಜನರ ಎದುರು ಅಂದಿದ್ದೆ. ನೀನು ವರ್ಗ ಮಾಡಿಸಿಕೊಂಡು ಮಡಕಶಿರಾಕ್ಕೆ ಹೊರಟುಹೋದೆ. ನೀನು ಹೋದ ಎಂಟನೆಯ ದಿನ ಅವು ಅಕ್ಕಿ ಡಬ್ಬಿಯಲ್ಲಿ ಸಿಕ್ಕವು. ಅವಳೇ ಇಟ್ಟು ಮರೆತಿದ್ದಳು. “ಇವತ್ತ ಹೋಗಿ ಹೇಳ್ರಿ,” ಅಂದಳು. ನಾನು ನಾಳೆ ಅಂದೆ. ಹನ್ನೊಂದು ವರ್ಷವಾಯಿತು, ಅವಳು ಅವನ್ನು ಕಿವಿಗೆ ಹಾಕಿಕೊಂಡಿಲ್ಲ.